ಟ್ಯಾಂಕು ತುಂಬಿತೆಂದು ಹೇಳುವ ಪುಟ್ಟ ಕಂಪ್ಯೂಟರು

ಬೆಂಗಳೂರಿನ ಯಾವ ಹಳೆಯ ಬಡಾವಣೆಯಲ್ಲಾದರೂ ನೀರು ಬರುವ ದಿನ ಬೆಳಗ್ಗೆ ಒಂದು ಸುತ್ತು ಹಾಕಿ. ಯಾವುದೋ ಒಂದು ತಾರಸಿಯಿಂದ ನೀರು ಧಾರೆಯಾಗಿ ಸುರಿಯುತ್ತಿರುತ್ತದೆ. ಸಂಪಿನಿಂದ ಮೇಲಕ್ಕೇರಿಸಲು ಮೋಟರು ಹಾಕಿದವರು ಒಗ್ಗರಣೆಯ ಗಡಿಬಿಡಿಯಲ್ಲಿ ಅದನ್ನು ಮರೆತಿರುತ್ತಾರೆ. ಎದುರು ಮನೆಯವರು "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಾ ಇದೆ" ಎಂದು ಕೂಗಿದ ಮೇಲೆಯೇ ಸ್ವಿಚ್ಚಿನ ಕಡೆ ಓಟ.

ಪುಟ್ಟ ಕಂಪ್ಯೂಟರ್ ಬೋರ್ಡುಗಳಿಂದ ಏನಾದರೂ ಮಾಡಬೇಕೆಂದು ಆಸೆಪಡುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ಕಾಣುವುದಿಲ್ಲ. ಈ ಹವ್ಯಾಸಕ್ಕೆ ಬೀಳುವವರಲ್ಲಿ ಹೆಚ್ಚಿನವರು ಮೊದಲು ಕಿಟ್ ಕೊಳ್ಳುತ್ತಾರೆ, ಅದರಿಂದ ಏನು ಮಾಡಬಹುದೆಂದು ಆಮೇಲೆ ಹುಡುಕುತ್ತಾರೆ. ಒಂದು ದೀಪ ಮಿಣುಕಿಸುತ್ತಾರೆ, ಕೋಣೆಯ ಉಷ್ಣಾಂಶ ಓದುತ್ತಾರೆ, ಅಲ್ಲಿಗೆ ಉತ್ಸಾಹ ಇಳಿದು ಡಬ್ಬಿ ಅಟ್ಟ ಸೇರುತ್ತದೆ. ಮನೆಯಲ್ಲಿ ನಿಜವಾಗಿ ಕಾಡುವ ತೊಂದರೆಯೊಂದನ್ನು ಹಿಡಿದು ಹೊರಟರೆ ಹಾಗಾಗುವುದಿಲ್ಲ. ಮನೆಯವರೇ "ಎಲ್ಲಿಗೆ ಬಂತು ನಿನ್ನ ಯಂತ್ರ" ಎಂದು ಬೆನ್ನು ಹತ್ತುತ್ತಾರೆ.

ಅಂಗಡಿಗೆ ಹೋಗುವ ಮುಂಚೆ ಈ ಬೋರ್ಡುಗಳಲ್ಲಿ ಎರಡು ಜಾತಿಗಳಿವೆ ಎಂಬುದು ತಿಳಿದಿರಲಿ. ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಇರುವುದಿಲ್ಲ. ಕರೆಂಟು ಕೊಟ್ಟ ಕ್ಷಣ ನೀವು ಬರೆದಿಟ್ಟ ಒಂದೇ ಪ್ರೋಗ್ರಾಂ ಓಡತೊಡಗುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ, ಬಂದರೆ ಮತ್ತೆ ಓಡುತ್ತದೆ. ಆರ್ಡ್ವಿನೋ ಊನೋ, ಇಎಸ್‌ಪಿ32, ರಾಸ್ಪ್‌ಬೆರಿ ಪೈ ಪೀಕೋ ಈ ಜಾತಿಯವು. ರಾಸ್ಪ್‌ಬೆರಿ ಪೈ 4, ಪೈ 5, ಝೀರೋ 2 ಡಬ್ಲ್ಯು ಇನ್ನೊಂದು ಜಾತಿ. ಅವು ಲಿನಕ್ಸ್ ಓಡಿಸುವ ಪೂರ್ತಿ ಕಂಪ್ಯೂಟರುಗಳು. ಕ್ಯಾಮೆರಾ, ವಿಡಿಯೊ, ದೊಡ್ಡ ಪರದೆ ಬೇಕಾದ ಕೆಲಸಕ್ಕೆ ಅವೇ ಬೇಕು. ಆದರೆ ಅವು ಮೆಮೊರಿ ಕಾರ್ಡಿನಿಂದ ಓಡುತ್ತವೆ. ಕಾರ್ಡಿಗೆ ಏನೋ ಬರೆಯುತ್ತಿರುವ ಹೊತ್ತಿಗೇ ಕರೆಂಟು ಹೋದರೆ ಅದರಲ್ಲಿರುವುದು ಕೆಡಬಹುದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿಬರುವ ಊರಿನಲ್ಲಿ ಟ್ಯಾಂಕಿನ ಪಕ್ಕ ಪೈ 5 ಇಡುವುದು ಅವಿವೇಕ. ಅದಕ್ಕೆ 5 ವೋಲ್ಟಿನಲ್ಲಿ 5 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇರೆ ಬೇಕು, ಬೆಲೆಯೂ ಹಲವು ಸಾವಿರ.

ರಾಸ್ಪ್‌ಬೆರಿ ಪೈ ಹುಟ್ಟಿದ್ದು ಕೇಂಬ್ರಿಜ್‌ನಲ್ಲಿ. 1980ರ ದಶಕದಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಮಿಂಗ್ ಕಲಿತ ಪೀಳಿಗೆಯ ನಂತರ ಬಂದ ವಿದ್ಯಾರ್ಥಿಗಳಿಗೆ ಅಂಥ ಕೈಗೆಟಕುವ ಯಂತ್ರವೇ ಇಲ್ಲವಲ್ಲ ಎಂಬ ಚಿಂತೆ ಪೈ ರೂಪಿಸಿದ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರದು. 2012ರ ಫೆಬ್ರವರಿ 29ರಂದು 35 ಡಾಲರಿನ ಮೊದಲ ಪೈ ಮಾರಾಟಕ್ಕೆ ಬಂತು. ಅದರ ಮಾಡೆಲ್ ಎ, ಮಾಡೆಲ್ ಬಿ ಎಂಬ ಹೆಸರುಗಳೂ ಬಿಬಿಸಿ ಮೈಕ್ರೋದಿಂದಲೇ ಎತ್ತಿಕೊಂಡವು. ಒಂಬತ್ತು ವರ್ಷಗಳ ನಂತರ, 2021ರ ಜನವರಿಯಲ್ಲಿ, ಅದೇ ಬಳಗ ತಾನೇ ವಿನ್ಯಾಸಗೊಳಿಸಿದ ಚಿಪ್ ಹಾಕಿ 4 ಡಾಲರಿಗೆ ಪೀಕೋ ತಂದಿತು. ಬಿಬಿಸಿ ಮೈಕ್ರೋ ಮಾಡೆಲ್ ಬಿಯಲ್ಲಿ ಇದ್ದದ್ದು 32 ಕಿಲೋಬೈಟ್ ಮೆಮೊರಿ. ಬೆರಳುದ್ದದ ಪೀಕೋದಲ್ಲಿ 264 ಕಿಲೋಬೈಟ್. ನಮ್ಮ ಟ್ಯಾಂಕಿಗೆ ಇದು ಧಾರಾಳವಾಯಿತು. ಇಎಸ್‌ಪಿ32 ಕೂಡ ಅಷ್ಟೇ ಸಮರ್ಥ, ವೈಫೈ ಅದರಲ್ಲಿ ಮೊದಲಿನಿಂದಲೂ ಇದೆ, ಅದರ ಅಭಿಮಾನಿಗಳು ನನ್ನೊಡನೆ ಜಗಳಕ್ಕೂ ಬರಬಹುದು. ಹೊಸಬರಿಗೆ ನಾನು ಪೀಕೋ ಹೇಳುವುದು ಅದರ ಕೈಪಿಡಿಗಳು ಅಚ್ಚುಕಟ್ಟಾಗಿವೆ ಎಂಬ ಒಂದೇ ಕಾರಣಕ್ಕೆ.

ಕೊಳ್ಳುವಾಗ ಹೆಡರ್ ಪಿನ್ ಬೆಸೆದೇ ಬಂದಿರುವ ಪೀಕೋ ಎಚ್ ಕೇಳಿ. ವೈಫೈ ಸಹಿತ ಬೇಕೆಂದರೆ ಡಬ್ಲ್ಯುಎಚ್. ಬರೀ ಪೀಕೋದಲ್ಲಿ ಅಂಚಿನುದ್ದಕ್ಕೂ ತೂತುಗಳಷ್ಟೇ ಇರುತ್ತವೆ, ನಲವತ್ತು ಪಿನ್ನುಗಳನ್ನು ನೀವೇ ಬೆಸೆಯಬೇಕು. ಮೊದಲ ದಿನಕ್ಕೆ ಆ ಶಿಕ್ಷೆ ಬೇಡ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಬೇರೆ ಊರಿನವರಿಗೆ ಆನ್‌ಲೈನ್ ಅಂಗಡಿಗಳಿವೆ. ಪಟ್ಟಿ ದೊಡ್ಡದಲ್ಲ: ಪೀಕೋ, ಬ್ರೆಡ್‌ಬೋರ್ಡು, ಒಂದಿಷ್ಟು ಜಂಪರ್ ವೈರು, ಕೆಂಪು-ಹಳದಿ-ಹಸಿರು ಎಲ್‌ಇಡಿ, 12 ವೋಲ್ಟಿನ ಪುಟ್ಟ ಬಜರ್, ಬಿಸಿ547 ಟ್ರಾನ್ಸಿಸ್ಟರ್ ಎರಡು, 1 ಕಿಲೋಓಮ್ ರೆಸಿಸ್ಟರ್ ಒಂದು ಹಿಡಿ, ನೀರಿನ ಎತ್ತರ ಅಳೆಯುವ ಸೆನ್ಸರು, ಒಂದು ಮಲ್ಟಿಮೀಟರು. ಮಲ್ಟಿಮೀಟರಿನಲ್ಲಿ ಮಾತ್ರ ಜಿಪುಣತನ ಬೇಡ. ತಂತಿ ತುಂಡಾಗಿದೆಯೇ ಎಂದು ಬೀಪ್ ಸದ್ದಿನಿಂದ ಹೇಳುವ ಸೌಲಭ್ಯ ಅದರಲ್ಲಿರಲಿ. ಈ ಹವ್ಯಾಸದ ಅರ್ಧ ಆಯುಷ್ಯ ಕಳೆಯುವುದು ಆ ಬೀಪ್ ಕೇಳುವುದರಲ್ಲಿ.

ಯುಎಸ್‌ಬಿ ಕೇಬಲ್ ವಿಷಯದಲ್ಲೂ ಹುಷಾರು. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್ಲುಗಳ ಒಳಗೆ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿಗೆ ಕರೆಂಟು ಹೋಗುತ್ತದೆ, ಆದರೆ ಕಂಪ್ಯೂಟರಿಗೆ ಬೋರ್ಡು ಕಾಣುವುದಿಲ್ಲ. ಬೋರ್ಡು ಸುಟ್ಟಿದೆ ಎಂದು ಅಂಗಡಿಗೆ ವಾಪಸು ಬರುವ ಎಷ್ಟೋ ದೂರುಗಳಿಗೆ ಕೇಬಲ್ಲೇ ಮೂಲ.

ಪೀಕೋಗೆ ಪ್ರೋಗ್ರಾಂ ಬರೆಯಲು ಮೈಕ್ರೋಪೈಥಾನ್ ಸಾಕು. ಬೋರ್ಡಿನ ಮೇಲಿರುವ ಒಂದೇ ಒಂದು ಗುಂಡಿಯನ್ನು ಒತ್ತಿ ಹಿಡಿದುಕೊಂಡು ಯುಎಸ್‌ಬಿ ಚುಚ್ಚಿದರೆ ಅದು ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ. ಮೈಕ್ರೋಪೈಥಾನ್‌ನ ಫೈಲನ್ನು ಅದರೊಳಕ್ಕೆ ಎಳೆದು ಹಾಕಿದರೆ ಮುಗಿಯಿತು. ಬರೆಯುವುದಕ್ಕೆ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ಉಚಿತ ಎಡಿಟರ್ ಇದೆ. ಪ್ರೋಗ್ರಾಮನ್ನು ಪೀಕೋದೊಳಗೆ 'ಮೇನ್ ಡಾಟ್ ಪಿವೈ' ಎಂಬ ಹೆಸರಿನಲ್ಲೇ ಉಳಿಸಬೇಕು. ಕರೆಂಟು ಬಂದಾಗ ಆ ಹೆಸರಿನ ಫೈಲನ್ನು ಅದು ತಾನಾಗಿ ಓಡಿಸುತ್ತದೆ.

ಈಗ ಟ್ಯಾಂಕಿನ ಹತ್ತಿರ ಹೋಗೋಣ. ನೀರಿನ ಮಟ್ಟ ತಿಳಿಯಲು ಹಳೆಯ ದಾರಿ ಟ್ಯಾಂಕಿನೊಳಗೆ ಸ್ಟೀಲ್ ಕಡ್ಡಿಗಳನ್ನು ಬಿಟ್ಟು ನೀರಿನ ಮೂಲಕ ಕರೆಂಟು ಹರಿಯುತ್ತಿದೆಯೇ ನೋಡುವುದು. ಒಂದೇ ದಿಕ್ಕಿನ ಕರೆಂಟು ಸದಾ ಹರಿಯುತ್ತಿದ್ದರೆ ಕಡ್ಡಿ ಸವೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಪೊರೆಯೂ ಕಟ್ಟುತ್ತದೆ. ಅದಕ್ಕೇ ನೀರನ್ನು ಮುಟ್ಟದೆ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರು ವಾಸಿ. ಅದು ಕಿವಿಗೆ ಕೇಳದ ಸದ್ದನ್ನು ಕೆಳಕ್ಕೆ ಬಿಟ್ಟು ನೀರಿಗೆ ಬಡಿದು ಮರಳುವ ಪ್ರತಿಧ್ವನಿಗೆ ಕಾಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹೋಗಿ ಬರುವ ದೂರ ಎರಡರಷ್ಟು. ಹಾಗಾಗಿ ಪ್ರತಿಧ್ವನಿಗೆ ಹಿಡಿದ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ದೂರ ಸಿಗುತ್ತದೆ. ಬಿಸಿಲೇರಿ ಗಾಳಿ ಕಾದರೆ ಸದ್ದಿನ ವೇಗವೂ ಏರುತ್ತದೆ, 20 ಡಿಗ್ರಿಯಿಂದ 35 ಡಿಗ್ರಿಗೆ ಹೋದರೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಆಸುಪಾಸಿನ ವ್ಯತ್ಯಾಸ. ಟ್ಯಾಂಕಿಗೆ ಅಷ್ಟು ನಿಖರತೆ ಯಾರಿಗೆ ಬೇಕು?

ಎಲ್ಲರೂ ಮೊದಲು ಕೊಳ್ಳುವುದು ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04. ಮೇಜಿನ ಮೇಲೆ ಕಲಿಯಲು ಅದು ಸೊಗಸು. ಟ್ಯಾಂಕಿನ ಒಳಗೆ ಆವಿ ಹನಿಗಟ್ಟುತ್ತದೆ, ಅಲ್ಲಿ ಅದು ಬಾಳುವುದಿಲ್ಲ. ಟ್ಯಾಂಕಿಗೆ ಬೇಕಾದದ್ದು ಜೆಎಸ್‌ಎನ್-ಎಸ್‌ಆರ್04ಟಿ. ಕಾರಿನ ಹಿಂಬದಿಯ ಬಂಪರಿನಲ್ಲಿ ಕಾಣುವಂಥ ಗುಂಡನೆಯ ಕಣ್ಣೊಂದು ಉದ್ದ ವೈರಿನ ತುದಿಯಲ್ಲಿರುತ್ತದೆ, ನೀರು ತಾಗಿದರೂ ಚಿಂತೆಯಿಲ್ಲ. ಅದಕ್ಕೊಂದು ಐಬು ಇದೆ: ಸುಮಾರು 20–25 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣದು. ಮುಚ್ಚಳಕ್ಕೇ ಅಂಟಿಸಿದರೆ ಟ್ಯಾಂಕು ತುಂಬುವ ಹೊತ್ತಿಗೆ, ನಮಗೆ ಮುಖ್ಯವಾದ ಆ ಹೊತ್ತಿಗೇ, ಅದು ಕುರುಡಾಗುತ್ತದೆ. ಮುಚ್ಚಳದ ಮೇಲೆ ಅಗಲ ಪಿವಿಸಿ ಪೈಪಿನ ತುಂಡೊಂದನ್ನು ನಿಲ್ಲಿಸಿ ಅದರ ನೆತ್ತಿಯಲ್ಲಿ ಸೆನ್ಸರು ಕೂರಿಸಿ. ಟ್ಯಾಂಕಿನ ಗೋಡೆಯಿಂದಲೂ ನೀರು ಬೀಳುವ ಪೈಪಿನಿಂದಲೂ ಅದು ದೂರವಿರಲಿ.

ಸೆನ್ಸರು ಓಡುವುದು 5 ವೋಲ್ಟಿನಲ್ಲಿ, ಪೀಕೋದ ಪಿನ್ನುಗಳು ತಾಳುವುದು 3.3 ವೋಲ್ಟು. ಪೀಕೋದಿಂದ ಸೆನ್ಸರಿಗೆ ಹೋಗುವ ಸೂಚನೆಯ ತಂತಿಯಿಂದ ತೊಂದರೆಯಿಲ್ಲ. ಪ್ರತಿಧ್ವನಿಯ ಸುದ್ದಿ ಹೊತ್ತು ಮರಳುವ ತಂತಿಯನ್ನು ಮಾತ್ರ ನೇರ ಸಿಕ್ಕಿಸಿದರೆ ಪೀಕೋದ ಪಿನ್ನು ಸಾಯಬಹುದು. ಇಲ್ಲಿಗೆ ಬರುತ್ತದೆ ನಮ್ಮ ಹಿಡಿ ರೆಸಿಸ್ಟರು. ಮೂರು 1 ಕಿಲೋಓಮ್ ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ, ಒಂದು ತುದಿ ಸೆನ್ಸರಿನ ಆ ಪಿನ್ನಿಗೆ, ಇನ್ನೊಂದು ತುದಿ ಗ್ರೌಂಡಿಗೆ. ಮೊದಲನೆಯದೂ ಎರಡನೆಯದೂ ಸೇರುವ ಗಂಟಿನಿಂದ ಪೀಕೋಗೆ ತಂತಿ ತೆಗೆದರೆ 5 ವೋಲ್ಟಿನ ಮೂರರಲ್ಲಿ ಎರಡು ಪಾಲು, ಅಂದರೆ 3.3 ಮಾತ್ರ ತಲುಪುತ್ತದೆ. ಎಲ್‌ಇಡಿಗೂ ಅದೇ 1 ಕಿಲೋಓಮ್ ಸಾಕು, ತುಸು ಮಬ್ಬಾದರೂ ಅಡುಗೆಮನೆಯ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಬಜರನ್ನು ಪಿನ್ನಿನಿಂದ ನೇರವಾಗಿ ಓಡಿಸಬೇಡಿ. ನಡುವೆ ಬಿಸಿ547 ಇರಲಿ, ಅದರ ಬೇಸಿಗೂ ಅದೇ 1 ಕಿಲೋಓಮ್. ಹೀಗೆ ಒಂದೇ ಬಗೆಯ ರೆಸಿಸ್ಟರಿನಲ್ಲಿ ಇಡೀ ಕೆಲಸ ಮುಗಿಯುವುದರಿಂದ ಬಣ್ಣದ ಪಟ್ಟಿ ಓದುವ ಗೊಂದಲವೂ ಇಲ್ಲ.

ಪ್ರೋಗ್ರಾಮಿನಲ್ಲಿ ಎರಡು ಜಾಣತನ ಬೇಕು. ನೀರು ಬೀಳುವಾಗ ಮೇಲ್ಮೈ ಕುಣಿಯುತ್ತದೆ, ಆಗೊಮ್ಮೆ ಈಗೊಮ್ಮೆ ಅಸಂಬದ್ಧ ಅಳತೆ ಬರುತ್ತದೆ. ಸರಾಸರಿ ತೆಗೆದರೆ ಆ ಒಂದು ಹುಚ್ಚು ಸಂಖ್ಯೆ ಉಳಿದದ್ದನ್ನೂ ಕೆಡಿಸುತ್ತದೆ. ಅದರ ಬದಲು ಏಳು ಸಲ ಅಳೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನದನ್ನು ಎತ್ತಿಕೊಳ್ಳಿ. ಎರಡನೆಯದು, ಬಜರ್ ಹೊಡೆಯುವ ಮಟ್ಟವೂ ಅದು ಮತ್ತೆ ಹೊಡೆಯಲು ಸಿದ್ಧವಾಗುವ ಮಟ್ಟವೂ ಒಂದೇ ಆಗಿರಬಾರದು. ಸೆನ್ಸರಿನಿಂದ 30 ಸೆಂಟಿಮೀಟರಿಗೆ ನೀರು ಬಂದಾಗ ಒಮ್ಮೆ ಹೊಡೆದು ಸುಮ್ಮನಾಗಲಿ. ನೀರು 40ಕ್ಕಿಂತ ಕೆಳಗಿಳಿಯುವವರೆಗೆ ಮತ್ತೆ ಬಾಯಿ ತೆರೆಯದಿರಲಿ. ಇಲ್ಲದಿದ್ದರೆ ಅಲೆ ಎದ್ದಾಗಲೆಲ್ಲ ಕಿರುಚಿ, ಮನೆಯವರು ಎರಡನೇ ದಿನವೇ ವೈರು ಕಿತ್ತುಹಾಕುತ್ತಾರೆ. ಮೇಲೆ ಹೇಳಿದ ಅಂಕಿಗಳು ನಿಮ್ಮ ಟ್ಯಾಂಕಿಗೆ ಹೊಂದಬೇಕೆಂದಿಲ್ಲ. ಟ್ಯಾಂಕು ಖಾಲಿಯಿದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ಸೆನ್ಸರು ಹೇಳುವುದನ್ನು ಬರೆದುಕೊಂಡು ಅದರ ಮೇಲೆ ಲೆಕ್ಕ ಹಾಕಿ. ನಿಂತ ಟ್ಯಾಂಕಿನಲ್ಲಿ ಅರ್ಧ ಎತ್ತರವೆಂದರೆ ಸುಮಾರು ಅರ್ಧ ನೀರು. ಮಲಗಿಸಿದ ಉರುಳೆ ಟ್ಯಾಂಕಿನಲ್ಲಿ ನಡುಮಟ್ಟ ಬಿಟ್ಟರೆ ಉಳಿದೆಡೆ ಈ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಮೇಜಿನ ಮೇಲೆ ಒಂದು ವಾರಾಂತ್ಯದ ಕೆಲಸ. ನಿಜವಾದ ಕಷ್ಟ ಆಮೇಲಿನದು, ಅದನ್ನು ಯಾವ ಕಿಟ್ಟಿನ ಪುಸ್ತಿಕೆಯೂ ಹೇಳುವುದಿಲ್ಲ. ಬೋರ್ಡನ್ನು ಬಿಸಿಲು, ಮಳೆ, ಇರುವೆ, ಹಲ್ಲಿಗಳ ನಡುವೆ ವರ್ಷಗಟ್ಟಲೆ ಬದುಕಿಸಬೇಕು. ಸೆನ್ಸರಿನ ಸೂಕ್ಷ್ಮ ಸಂಕೇತವನ್ನು ಉದ್ದ ತಂತಿಯಲ್ಲಿ ಕೆಳಗಿನವರೆಗೆ ಎಳೆಯಬೇಡಿ. ಪೀಕೋ ಟ್ಯಾಂಕಿನ ಪಕ್ಕದಲ್ಲೇ ಇರಲಿ, ದೀಪ ಮತ್ತು ಬಜರಿನ ತಂತಿಗಳು ಮಾತ್ರ ಅಡುಗೆಮನೆಗೆ ಇಳಿಯಲಿ. ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸುವ ಕೇಬಲ್ಲಿನಲ್ಲಿ ಎಂಟು ತಂತಿಗಳಿವೆ, ಎಲ್ಲಕ್ಕೂ ಸಾಕು. ಆದರೆ ಅವು ಸಣ್ಣ ತಂತಿಗಳು. 15 ಮೀಟರ್ ಕೆಳಗಿನಿಂದ 5 ವೋಲ್ಟು ಕಳಿಸಿದರೆ ದಾರಿಯಲ್ಲೇ ಸೋರಿ, ಕರೆಂಟು ಎಳೆದಾಗ ಮೇಲೆ ತಲುಪುವುದು ನಾಲ್ಕೂವರೆ. ಸಿಸಿಟಿವಿ ಕ್ಯಾಮೆರಾಗಳಿಗೆ ಕೊಡುವ 12 ವೋಲ್ಟಿನ ಅಡಾಪ್ಟರ್ ಕೆಳಗಿಟ್ಟು, ಮೇಲೆ ಬಕ್ ಕನ್ವರ್ಟರ್ ಎಂಬ ಸಣ್ಣ ಬೋರ್ಡಿನಿಂದ 5ಕ್ಕೆ ಇಳಿಸಿಕೊಳ್ಳಿ. ಅದರ ತಿರುಪನ್ನು ತಿರುಗಿಸಿ, ಮಲ್ಟಿಮೀಟರಿನಲ್ಲಿ 5 ಕಂಡ ಮೇಲೆಯೇ ಪೀಕೋಗೆ ಜೋಡಿಸುವುದು. ಅಂಗಡಿಯಿಂದ ಬರುವಾಗ ಅದು ಎಷ್ಟಕ್ಕೆ ತಿರುಗಿರುತ್ತದೋ ದೇವರೇ ಬಲ್ಲ.

ಡಬ್ಬಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ರಬ್ಬರ್ ಅಂಚಿನ ಬಿಳಿ ಜಂಕ್ಷನ್ ಬಾಕ್ಸ್ ಸಾಕು. ಕಪ್ಪು ಬೇಡ, ಬಿಸಿಲಿಗೆ ಒಲೆಯಾಗುತ್ತದೆ. ತಂತಿಗಳು ಡಬ್ಬಿಯ ತಳದಿಂದ ಒಳಹೋಗಲಿ, ಒಳಹೋಗುವ ಮುಂಚೆ ಒಂದು ಜೋತು ಇರಲಿ. ತಂತಿಯ ಮೇಲೆ ಹರಿದು ಬಂದ ಮಳೆನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬ್ರೆಡ್‌ಬೋರ್ಡನ್ನು ಮಾತ್ರ ತಾರಸಿಗೆ ಒಯ್ಯಬೇಡಿ. ಅದರ ಸಡಿಲ ಹಿಡಿತಗಳು ಒಂದು ಬೇಸಿಗೆಯಲ್ಲಿ ಕೈಕೊಡುತ್ತವೆ. ತೂತು ತೂತಿನ ಪಿಸಿಬಿಯ ಮೇಲೆ ಎಲ್ಲವನ್ನೂ ಬೆಸೆಯಿರಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಬೆಸುಗೆಯ ತಂತಿಯಲ್ಲಿ ಸೀಸ ಇರುವುದರಿಂದ ಕೆಲಸ ಮುಗಿಸಿ ಕೈ ತೊಳೆಯದೆ ತಿಂಡಿಗೆ ಕೈಹಾಕಬೇಡಿ. ಕರೆಂಟು ಹೋದಾಗ ಇರಲೆಂದು ಬಿಸಿಲಿನ ಡಬ್ಬಿಯೊಳಗೆ ಲಿಥಿಯಂ ಸೆಲ್ ಇಡುವ ಆಸೆಯೂ ಬೇಡ. 45 ಡಿಗ್ರಿ ದಾಟಿದರೆ ಅವನ್ನು ಚಾರ್ಜ್ ಮಾಡುವುದು ಅಪಾಯ. ಸೆಲ್ ಮೈಮೇಲಿನ ಅಂಕಿಗಳಿಗೂ ಮರುಳಾಗಬೇಡಿ. 18650 ಅಳತೆಯ ಸೆಲ್ಲಿನ ಮೇಲೆ 9,900 ಮಿಲಿಆಂಪಿಯರ್-ಅವರ್ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು, ಒಳ್ಳೆಯ ಕಂಪನಿಯದ್ದೂ 3,500ರ ಸುತ್ತಮುತ್ತಲೇ.

"ಬಜರ್ ಯಾಕೆ, ಮೋಟರನ್ನೇ ಅದು ಆಫ್ ಮಾಡಬಾರದೇ?" ಇದು ಎಲ್ಲರೂ ಕೇಳುವ ಪ್ರಶ್ನೆ. ಮಾಡಬಹುದು, ಮೊದಲ ವರ್ಷ ಬೇಡ. ಬೋರ್ಡು ಓಡಿಸಬಲ್ಲ ಸ್ವಿಚ್ಚೆಂದರೆ ರಿಲೇ. ಅಂಗಡಿಯ ನೀಲಿ ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರು ಓಡುವಾಗ ಅದಕ್ಕಿಂತ ಕಡಿಮೆಯೇ ಎಳೆದರೂ, ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ. ರಿಲೇಯ ಒಳಗಿನ ಸಂಪರ್ಕಗಳು ಬೆಸೆದು ಅಂಟಿಕೊಂಡರೆ ಮೋಟರು ನಿಲ್ಲುವುದೇ ಇಲ್ಲ. ರಿಲೇ ಓಡಿಸಬೇಕಾದದ್ದು ಭಾರಿ ಕರೆಂಟು ತಾಳುವ ಕಾಂಟ್ಯಾಕ್ಟರನ್ನು, ಕಾಂಟ್ಯಾಕ್ಟರು ಓಡಿಸಬೇಕಾದದ್ದು ಮೋಟರನ್ನು, ಮತ್ತು 230 ವೋಲ್ಟಿನ ಆ ಭಾಗವನ್ನು ಜೋಡಿಸಬೇಕಾದದ್ದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಸಂಪು ಖಾಲಿಯಾದರೂ ಮೋಟರು ಓಡುತ್ತಲೇ ಇರದಂತೆ ಇನ್ನೊಂದು ಸೆನ್ಸರು ಬೇರೆ ಬೇಕು. ಸುದ್ದಿ ಹೇಳುವ ಯಂತ್ರ ಕೆಟ್ಟರೆ ಒಂದಿಷ್ಟು ನೀರು ಪೋಲು, ಕೆಲಸ ಮಾಡುವ ಯಂತ್ರ ಕೆಟ್ಟರೆ ಮೋಟರೇ ಸುಟ್ಟೀತು. ಅಂದಹಾಗೆ, ಟ್ಯಾಂಕು ತುಂಬಿದಾಗ ಮೋಟರು ನಿಂತರಷ್ಟೇ ಸಾಕು, ಬೇರೇನೂ ಬೇಡ ಎನ್ನುವವರಿಗೆ ಅಂಗಡಿಯಲ್ಲಿ ತೇಲುಬುರುಡೆಯ ಫ್ಲೋಟ್ ಸ್ವಿಚ್ ಸಿಗುತ್ತದೆ. ಅದಕ್ಕೆ ಕಂಪ್ಯೂಟರೂ ಬೇಡ, ಈ ಲೇಖನವೂ ಬೇಡ.

ಮಲೆನಾಡಿನವರಿಗೆ, ಕೊಡಗಿನವರಿಗೆ ನಾನು ಹೇಳುವ ಕೆಲಸ ಬೇರೆ. ಕಾಫಿ ತೋಟದ ಮನೆಗಳಲ್ಲಿ ದಿನವೂ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಬರೆದಿಡುವ ರೂಢಿಯಿದೆ. ಹೂಮಳೆ ಒಂದು ಇಂಚು ಬಿತ್ತೋ ಇಪ್ಪತ್ತು ಸೆಂಟಿಗೆ ನಿಂತುಹೋಯಿತೋ ಎಂಬುದರ ಮೇಲೆ ಆ ವರ್ಷದ ಫಸಲಿನ ಲೆಕ್ಕ ನಿಂತಿರುತ್ತದೆ. ಟಿಪ್ಪಿಂಗ್ ಬಕೆಟ್ ಎಂಬ ಮಳೆಮಾಪಕ ಪೀಕೋಗೆ ಹೇಳಿ ಮಾಡಿಸಿದಂತಿದೆ. ಆಲಿಕೆಯ ಕೆಳಗೆ ಏತದ ಹಾಗೆ ಆಡುವ ಎರಡು ಪುಟ್ಟ ತೊಟ್ಟಿಗಳು. ಒಂದು ತುಂಬಿ ಮಗುಚಿದಾಗ ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಮಗುಚುವಾಗ ಅದರ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದು ಒಂದು ಸಂಪರ್ಕ ಕೊಡುತ್ತದೆ. ಪೀಕೋ ಎಣಿಸಿದರಾಯಿತು. ಸುಲಭವಾಗಿ ಸಿಗುವ ಪ್ಲಾಸ್ಟಿಕ್ ಮಾಪಕಗಳಲ್ಲಿ ಒಂದು ಮಗುಚಿಗೆ 0.2794 ಮಿಲಿಮೀಟರ್ ಮಳೆ, ತೋಟದವರ ಲೆಕ್ಕದಲ್ಲಿ 1.1 ಸೆಂಟು.

ಸ್ವಿಚ್ಚು ಮುಚ್ಚುವಾಗ ಅದುರಿ ಒಂದನ್ನು ಮೂರೆಂದು ಹೇಳಬಹುದು. ಒಂದು ಎಣಿಕೆಯಾದ ಮೇಲೆ 0.2 ಸೆಕೆಂಡು ಕಿವಿ ಮುಚ್ಚಿಕೊಳ್ಳುವಂತೆ ಬರೆಯಿರಿ. ಗಂಟೆಗೆ 100 ಮಿಲಿಮೀಟರಿನ ಜಡಿಮಳೆಯಲ್ಲೂ ತೊಟ್ಟಿ ಮಗುಚುವುದು ಹತ್ತು ಸೆಕೆಂಡಿಗೊಮ್ಮೆ, ನಿಜವಾದ ಮಗುಚು ತಪ್ಪಿಹೋಗುವ ಭಯವಿಲ್ಲ. ಲೆಕ್ಕ ಸರಿಯಿದೆಯೇ ಎಂದು ನೋಡಲು ಆಲಿಕೆಯ ಬಾಯಿ ಅಳೆಯಿರಿ. ಬಾಯಿ 50 ಚದರ ಸೆಂಟಿಮೀಟರ್ ಇದ್ದರೆ 100 ಮಿಲಿಲೀಟರ್ ನೀರು 20 ಮಿಲಿಮೀಟರ್ ಮಳೆಗೆ ಸಮ. ಹನಿಹನಿಯಾಗಿ ಸುರಿದಾಗ ಎಪ್ಪತ್ತೆರಡರ ಆಸುಪಾಸು ಎಣಿಸಬೇಕು. ಆಲಿಕೆಗೆ ಎಲೆ ಬೀಳುತ್ತದೆ, ಜೇಡ ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ನೋಡುತ್ತಿರಿ. ಮೊದಲ ಮಳೆಗಾಲ ಮುಗಿಯುವವರೆಗೆ ಹಳೆಯ ಗಾಜಿನ ಅಳತೆಯನ್ನೂ ಬಿಡಬೇಡಿ, ಪಕ್ಕಪಕ್ಕ ಬರೆದಿಟ್ಟುಕೊಂಡರೆ ಯಾವುದನ್ನು ಎಷ್ಟು ನಂಬಬಹುದೆಂದು ಗೊತ್ತಾಗುತ್ತದೆ.

ಪುಟ್ಟ ಓಲೆಡ್ ಪರದೆ ಹಾಕಿದವರಿಗೆ ಅದರಲ್ಲಿ ಕನ್ನಡ ಕಾಣಬೇಕೆಂಬ ಆಸೆ ಸಹಜ. ಪೀಕೋದೊಂದಿಗೆ ಬರುವ ಅಕ್ಷರಗಳು ಇಂಗ್ಲಿಷಿನವು ಮಾತ್ರ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ತಂತ್ರಾಂಶವೂ ಅದರಲ್ಲಿಲ್ಲ. ಸುಲಭದ ದಾರಿ, ಬೇಕಾದ ಮಾತುಗಳನ್ನು ದೊಡ್ಡ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಚಿತ್ರವಾಗಿ ಬರೆದು ಆ ಚಿತ್ರವನ್ನೇ ಪೀಕೋದೊಳಗೆ ಇಡುವುದು. 128 ಅಡ್ಡ, 64 ಉದ್ದ ಚುಕ್ಕೆಗಳ ಇಡೀ ಪರದೆಗೆ ಬೇಕಾಗುವುದು 1,024 ಬೈಟ್ ಅಷ್ಟೇ. "ಟ್ಯಾಂಕ್ ತುಂಬಿದೆ", "ಅರ್ಧ ಇದೆ", "ಮೋಟರ್ ಹಾಕಿ" ಎಂಬ ಮೂರು ಚಿತ್ರ ಮತ್ತು ಹತ್ತು ಅಂಕಿಗಳು ಇದ್ದರೆ ಮನೆಮಂದಿಗೆ ಸಾಕು. ಮಕ್ಕಳಿದ್ದರೆ ಈ ಚಿತ್ರ ಬಿಡಿಸುವ ಕೆಲಸ ಅವರಿಗೆ ಕೊಡಿ. ಅವರ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಬೆಸುಗೆಯ ಕೆಲಸವನ್ನು ಅಲ್ಲಿನ ಮೇಷ್ಟ್ರ ಕಣ್ಣೆದುರು ಕಲಿಯಬಹುದು.

ಎಲ್ಲ ಮುಗಿದ ಮೇಲೆ ಡಬ್ಬಿಯ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ: ಯಾವ ಬಣ್ಣದ ತಂತಿ ಯಾವ ಪಿನ್ನಿಗೆ, ಬಕ್ ಕನ್ವರ್ಟರಿನ ವೋಲ್ಟೇಜು ಎಷ್ಟು. ಪ್ರೋಗ್ರಾಮಿನ ಒಂದು ಪ್ರತಿ ಕಂಪ್ಯೂಟರಿನಲ್ಲೂ ಇರಲಿ. ಪೀಕೋದಲ್ಲಿ ವಾಚ್‌ಡಾಗ್ ಎಂಬ ಕಾವಲುಗಾರನಿದ್ದಾನೆ, ಅವನನ್ನು ಎಬ್ಬಿಸಿಡಿ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡು ಅವನಿಗೆ ಹೊತ್ತಿಗೆ ಸರಿಯಾಗಿ ಹಾಜರಿ ಹೇಳದಿದ್ದರೆ ಬೋರ್ಡನ್ನು ಅವನೇ ಆರಿಸಿ ಹೊತ್ತಿಸುತ್ತಾನೆ, ನೀವು ತಾರಸಿ ಹತ್ತಬೇಕಿಲ್ಲ. ಆರ್‌ಪಿ2040 ಚಿಪ್ಪಿನ ಮೊದಲ ಪೀಕೋದಲ್ಲಿ ಅವನ ತಾಳ್ಮೆ ಎಂಟು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚು. ನಿಮಿಷಕ್ಕೊಮ್ಮೆ ಅಳೆಯುವ ಪ್ರೋಗ್ರಾಂ ಬರೆದಿದ್ದರೆ ನಡುವಿನ ಅರವತ್ತು ಸೆಕೆಂಡು ಒಂದೇ ನಿದ್ದೆ ಹೊಡೆಸಬೇಡಿ, ಐದೈದು ಸೆಕೆಂಡಿನ ಹನ್ನೆರಡು ತುಂಡುಗಳಾಗಿ ಒಡೆದು ಪ್ರತಿ ತುಂಡಿನ ಕೊನೆಗೆ ಅವನಿಗೆ ಒಮ್ಮೆ ಹಾಜರಿ ಹಾಕಿಸಿ.